ಮುರಿದ ಮೂಳೆಗೆ ಬೆಲೆ ಕಟ್ಟುವವರು ಯಾರು?

ನಾನು ಮೇಷ್ಟರ ಕೆಲಸದಲ್ಲಿದ್ದಾಗಿನ ಒಂದು ಸಂಗತಿ. ತಾಲ್ಲೂಕು ಮಟ್ಟದ ಕಬಡ್ಡಿ ಪಂದ್ಯದಲ್ಲಿ ನಮ್ಮ ಶಾಲೆಯ ಹುಡುಗನೊಬ್ಬ ಬಿದ್ದು ಮುಂಗೈ ಮುರಿದುಕೊಂಡ. ಪಂದ್ಯವನ್ನು ನಾವೇ ಗೆದ್ದೆವು. ಶೀಲ್ಡು ಬಂದು ಹೆಡ್‌ಮಾಸ್ತರರ ಕೋಣೆಯ ಬೀರುವಿನ ಮೇಲೆ ಕುಳಿತಿತು. ಹುಡುಗನ ಕೈಗೆ ಕಟ್ಟು ಹಾಕಿಸಿದ ಖರ್ಚನ್ನು ಅವನ ತಂದೆ ಸಾಲ ಮಾಡಿ ತೆತ್ತ. ಆ ತಂದೆ ಒಂದು ದಿನ ಶಾಲೆಯ ಜಗಲಿಗೆ ಬಂದು, "ಶೀಲ್ಡು ಸ್ಕೂಲಿಗೆ, ಕೈ ಮಾತ್ರ ನಮ್ದು, ಅಲ್ವರಾ ಮೇಷ್ಟ್ರೇ?" ಎಂದು ಕೇಳಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನಲ್ಲಿ ಉತ್ತರವಿರಲಿಲ್ಲ.

ಅದೇ ಪ್ರಶ್ನೆ ಇಂದು ಅಮೆರಿಕಾ ದೇಶದಲ್ಲಿ ಕೋಟಿಗಟ್ಟಲೆ ಡಾಲರುಗಳ ಲೆಕ್ಕದಲ್ಲಿ ಎದ್ದು ನಿಂತಿದೆ. ಅಲ್ಲಿಯ ಕಾಲೇಜುಗಳಲ್ಲಿ ಬ್ಯಾಸ್ಕೆಟ್‌ಬಾಲ್ ಆಡುವ ತರುಣರು ಮುಂದೆ ಸಂಬಳದ ಆಟಗಾರರಾಗುವ ಹೊತ್ತಿಗೆ, ಅವರ ಕಾಲು, ಬೆನ್ನು, ಮೊಣಕಾಲುಗಳಿಗೆ ಒಂದೊಂದಕ್ಕೂ ಬೆಲೆ ಕಟ್ಟಲಾಗುತ್ತದೆ. ಕಾಲೇಜಿನಲ್ಲಿ ಆಡುವಾಗ ಪೆಟ್ಟು ಬಿದ್ದಿದ್ದರೆ ಆ ಬೆಲೆ ಇಳಿಯುತ್ತದೆ. ಇದನ್ನು ಕ್ರೀಡಾ ಪುಟದ ಸುದ್ದಿಯೆಂದು ಬದಿಗಿಡಬೇಕಾಗಿಲ್ಲ. ದುಡಿಯುವವನ ಮೈಗೆ ಪೆಟ್ಟಾದಾಗ ನಷ್ಟ ಯಾರ ತಲೆಯ ಮೇಲೆ ಬೀಳಬೇಕು ಎಂಬುದು ಕಾರ್ಮಿಕ ಚಳವಳಿಯ ಅತ್ಯಂತ ಹಳೆಯ ಪ್ರಶ್ನೆಗಳಲ್ಲೊಂದು. ಆದ್ದರಿಂದ ಓದುಗರು ಸ್ವಲ್ಪ ತಾಳ್ಮೆಯಿಂದ ಇದನ್ನು ನೋಡಬೇಕು.

ಮೊದಲು ಆ ವ್ಯವಸ್ಥೆ ಎಂಥದೆಂದು ತಿಳಿಯೋಣ. ಅಮೆರಿಕಾದಲ್ಲಿ ಸಂಬಳದ ಬ್ಯಾಸ್ಕೆಟ್‌ಬಾಲ್ ನಡೆಸುವ ದೊಡ್ಡ ಸಂಸ್ಥೆ ಎನ್.ಬಿ.ಎ. ಅದರಲ್ಲಿ 30 ಕ್ಲಬ್ಬುಗಳಿವೆ. ಪ್ರತಿ ವರ್ಷ ಜೂನ್ ತಿಂಗಳ ಹೊತ್ತಿಗೆ ಹೊಸ ಆಟಗಾರರನ್ನು ಸರದಿಯ ಮೇಲೆ ಆರಿಸಿಕೊಳ್ಳುತ್ತಾರೆ. ಇದಕ್ಕೆ ಡ್ರಾಫ್ಟ್ ಎಂದು ಹೆಸರು. ಹಿಂದಿನ ವರ್ಷ ಸೋತ ಕ್ಲಬ್ಬುಗಳ ನಡುವೆ ಚೀಟಿ ಎತ್ತಿ ಮೊದಲ ಸರದಿಗಳನ್ನು ಹಂಚುತ್ತಾರೆ. ಒಂದು ಸುತ್ತಿಗೆ 30ರಂತೆ ಎರಡು ಸುತ್ತು. ತನ್ನನ್ನು ಯಾರು ಆರಿಸಬೇಕೆಂದು ಹೇಳುವ ಹಕ್ಕು ಆಟಗಾರನಿಗಿಲ್ಲ. ಮೊದಲ ಸುತ್ತಿನಲ್ಲಿ ಎಷ್ಟನೆಯವನಾಗಿ ಆಯ್ಕೆಯಾದರೆ ಎಷ್ಟು ಸಂಬಳವೆಂಬುದು ಪಟ್ಟಿಯಲ್ಲಿ ಮೊದಲೇ ಗೊತ್ತಾಗಿರುತ್ತದೆ. ಮೊದಲ ಎರಡು ವರ್ಷದ ಸಂಬಳಕ್ಕೆ ಖಾತರಿಯೂ ಉಂಟು. ಎರಡನೆಯ ಸುತ್ತಿಗೆ ಜಾರಿದವನಿಗೆ ಅಂಥ ಪಟ್ಟಿಯ ಆಸರೆಯಿಲ್ಲ. ಕ್ಲಬ್ಬಿನವರು ಖಾತರಿ ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ.

ಇನ್ನೊಂದು ಕಟ್ಟಳೆಯನ್ನೂ ನೆನಪಿನಲ್ಲಿಡಬೇಕು. 2005ರಲ್ಲಿ ಆದ ಒಪ್ಪಂದದ ಪ್ರಕಾರ, 19 ವಯಸ್ಸು ತುಂಬುವ ವರ್ಷ ಬಂದು, ಹೈಸ್ಕೂಲು ಮುಗಿದು ಒಂದು ವರ್ಷ ಕಳೆಯುವ ತನಕ ಅಮೆರಿಕಾದ ಹುಡುಗನಿಗೆ ಈ ಡ್ರಾಫ್ಟಿಗೆ ಪ್ರವೇಶವಿಲ್ಲ. ಆ ಒಂದು ವರ್ಷವನ್ನು ಬಹುಮಂದಿ ಕಾಲೇಜಿನ ತಂಡದಲ್ಲಿ ಆಡಿ ಕಳೆಯುತ್ತಾರೆ. 2021ರ ತನಕ ಆ ಆಟಕ್ಕೆ ವಿದ್ಯಾರ್ಥಿವೇತನವನ್ನು ಬಿಟ್ಟು ಕೂಲಿಯೆಂಬುದಿರಲಿಲ್ಲ. ಸಂಬಳದ ಬಾಗಿಲನ್ನು ಒಂದು ವರ್ಷ ಮುಚ್ಚಿ, ಸಂಬಳವಿಲ್ಲದ ಅಂಗಳದಲ್ಲಿ ಆಡಿಸಿ, ಅಲ್ಲಿ ಬಿದ್ದ ಪೆಟ್ಟಿಗಾಗಿ ಮುಂದಿನ ಸಂಬಳದಲ್ಲಿ ಮುರಿದುಕೊಳ್ಳುವುದು ಎಂದರೆ ಏನರ್ಥ?

ಈಗ ಮೂವರು ತರುಣರ ಕಥೆ ಕೇಳಿ.

ಜೋಯೆಲ್ ಎಂಬೀಡ್ ಆಫ್ರಿಕದ ಕೆಮರೂನ್ ದೇಶದವನು. ಹದಿನೈದು ದಾಟಿದ ಮೇಲೆ ಈ ಆಟ ಕಲಿತವನು. 2013-14ರಲ್ಲಿ ಕಾನ್ಸಾಸ್ ವಿಶ್ವವಿದ್ಯಾನಿಲಯದ ಪರವಾಗಿ 28 ಪಂದ್ಯ ಆಡಿದ. ಆ ವರ್ಷದ ಡ್ರಾಫ್ಟಿನಲ್ಲಿ ಮೊದಲನೆಯವನು ಇವನೇ ಎಂದು ಅನೇಕರು ಹೇಳುತ್ತಿದ್ದರು. ಮಾರ್ಚ್ ತಿಂಗಳಲ್ಲಿ ಬೆನ್ನಿನ ಮೂಳೆಯಲ್ಲಿ ಸೀಳು ಕಂಡಿತು. ಜೂನ್‌ನಲ್ಲಿ ಬಲಪಾದದ ನಡುವಿನ ನೇವಿಕ್ಯುಲರ್ ಎಂಬ ಸಣ್ಣ ಮೂಳೆಯಲ್ಲಿ ಮತ್ತೊಂದು ಸೀಳು ಕಂಡಿತು. ಓಡಿ, ನೆಗೆದು, ಮತ್ತೆ ಮತ್ತೆ ಭಾರ ಬಿದ್ದು ಬರುವ ಸೀಳು ಇದು. ಆ ಮೂಳೆಯ ನಡುಭಾಗಕ್ಕೆ ರಕ್ತದ ಸರಬರಾಜು ಕಡಿಮೆ. ಆದ್ದರಿಂದ ಕೂಡುವುದು ನಿಧಾನ, ಮತ್ತೆ ಸೀಳುವ ಭಯವೂ ಉಂಟು. ಏಳಡಿಯ ಆಳಿಗಂತೂ ಆ ಭಯ ಇನ್ನೂ ಹೆಚ್ಚು. ಡ್ರಾಫ್ಟಿಗೆ ಆರು ದಿನ ಇರುವಾಗ ಶಸ್ತ್ರಚಿಕಿತ್ಸೆಯಾಯಿತು. ಮೊದಲ ಸ್ಥಾನ ಕಾನ್ಸಾಸಿನಲ್ಲಿ ಅವನ ಜೊತೆಗೇ ಆಡಿದ್ದ ಆಂಡ್ರೂ ವಿಗಿನ್ಸನಿಗೆ ಹೋಯಿತು. ಎಂಬೀಡ್ ಮೂರನೆಯವನಾಗಿ ಫಿಲಡೆಲ್ಫಿಯಾ ಕ್ಲಬ್ಬಿಗೆ ಸೇರಿದ. ಎರಡು ವರ್ಷ ಕಣಕ್ಕೆ ಇಳಿಯಲಾಗಲಿಲ್ಲ; 2015ರಲ್ಲಿ ಅದೇ ಪಾದಕ್ಕೆ ಎರಡನೆಯ ಸಲ ಶಸ್ತ್ರಚಿಕಿತ್ಸೆಯಾಯಿತು. ಅಂಥವನೇ 2022-23ರಲ್ಲಿ ಇಡೀ ಎನ್.ಬಿ.ಎ.ಯ ಅತ್ಯಂತ ಶ್ರೇಷ್ಠ ಆಟಗಾರನೆಂಬ ಪ್ರಶಸ್ತಿ ಪಡೆದ.

ಎರಡನೆಯವನು ಮೈಕೇಲ್ ಪೋರ್ಟರ್ ಜೂನಿಯರ್. 2017ರಲ್ಲಿ ಮಿಸೂರಿ ವಿಶ್ವವಿದ್ಯಾನಿಲಯಕ್ಕೆ ಸೇರುವಾಗ ಇವನೂ ಮುಂದಿನ ವರ್ಷದ ಮೊದಲಿಗನಾಗಬಹುದೆಂಬ ಮಾತಿತ್ತು. ಮೊದಲ ಪಂದ್ಯದಲ್ಲಿ ಎರಡು ನಿಮಿಷ ಆಡಿದ, ಅಷ್ಟಕ್ಕೇ ನಿಂತಿತು. ಬೆನ್ನುಹುರಿಯ ನಡುವಿನ ಬಿಲ್ಲೆಗೆ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಇಡೀ ವರ್ಷದಲ್ಲಿ ಅವನು ಆಡಿದ್ದು ಮೂರು ಪಂದ್ಯ. 2018ರ ಡ್ರಾಫ್ಟಿನಲ್ಲಿ 13 ಕ್ಲಬ್ಬುಗಳು ಅವನನ್ನು ದಾಟಿ ಹೋದವು. 14ನೆಯದಾದ ಡೆನ್ವರ್ ಆರಿಸಿತು. ಆ ವರ್ಷ ಮೊದಲನೆಯವನಾಗಿ ಆಯ್ಕೆಯಾದವನಿಗೆ ಮೊದಲ ವರ್ಷದ ಸಂಬಳ ಸುಮಾರು 80 ಲಕ್ಷ ಡಾಲರು. 14ನೆಯವನಿಗೆ ಸುಮಾರು 29 ಲಕ್ಷ. ಒಂದು ವರ್ಷಕ್ಕೇ 50 ಲಕ್ಷ ಡಾಲರಿನ ಅಂತರ. ಅವನ ಬೆನ್ನಿಗೆ ಕಟ್ಟಿದ ಬೆಲೆ ಅದು. ಮುಂದೆ ಅವನ ಬೆನ್ನಿಗೆ ಇನ್ನೆರಡು ಸಲ ಶಸ್ತ್ರಚಿಕಿತ್ಸೆಯಾಯಿತು ಎಂಬುದೂ ನಿಜ; 2021ರಲ್ಲಿ 17 ಕೋಟಿ ಡಾಲರಿಗೂ ಮಿಕ್ಕಿದ ಐದು ವರ್ಷದ ಕರಾರು ಅವನಿಗೆ ಸಿಕ್ಕಿತು, 2023ರಲ್ಲಿ ಡೆನ್ವರ್ ಪ್ರಶಸ್ತಿ ಗೆದ್ದಾಗ ಅವನು ಆ ತಂಡದಲ್ಲಿದ್ದ ಎಂಬುದೂ ನಿಜ.

ಮೂರನೆಯವನು ಬೋಲ್ ಬೋಲ್. ಸುಡಾನಿನ ಖಾರ್ಟೂಮಿನಲ್ಲಿ ಹುಟ್ಟಿದವನು; ಹೆಸರಾಂತ ಆಟಗಾರ ಮನೂಟ್ ಬೋಲನ ಮಗ. ಏಳಡಿ ಎರಡಂಗುಲ ಎತ್ತರ. ಆರೆಗನ್ ವಿಶ್ವವಿದ್ಯಾನಿಲಯಕ್ಕೆ ಒಂಬತ್ತು ಪಂದ್ಯ ಆಡಿದ. ಪಂದ್ಯಕ್ಕೆ 21ರಂತೆ ಅಂಕ ಗಳಿಸಿದ. ಅಷ್ಟರಲ್ಲಿ ಎಡಪಾದದ ಅದೇ ನೇವಿಕ್ಯುಲರ್ ಮೂಳೆ ಸೀಳಿತು. 2019ರ ಡ್ರಾಫ್ಟಿನಲ್ಲಿ ಮೊದಲ ಸುತ್ತು ಮುಗಿಯಿತು, ಅವನ ಹೆಸರು ಬರಲಿಲ್ಲ. 44ನೆಯವನಾಗಿ ಆಯ್ಕೆಯಾದ. ಕೈಗೆ ಬಂದದ್ದು ಕೆಳದರ್ಜೆಯ ತಂಡಕ್ಕೂ ಮೇಲಿನ ತಂಡಕ್ಕೂ ನಡುವೆ ಓಡಾಡುವ, ಕಡಿಮೆ ಸಂಬಳದ ಕರಾರು. ಮೂವತ್ತರ ಗೆರೆಯ ಮೇಲೆ ನಿಲ್ಲುವುದಕ್ಕೂ ಕೆಳಗೆ ಬೀಳುವುದಕ್ಕೂ ಇರುವ ವ್ಯತ್ಯಾಸ ಇಂಥದು.

ಈ ಮೂರು ಕಥೆಗಳಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಒಂದು ಮೂಳೆ ಮುಂದೆ ಹೇಗೆ ಬಾಳುತ್ತದೆಂದು ಯಾವ ವೈದ್ಯನೂ ಖಂಡಿತವಾಗಿ ಹೇಳಲಾರ. ಅಲ್ಲಿರುವುದು ಅನುಮಾನ. ಆ ಅನುಮಾನಕ್ಕೂ ಒಂದು ಬೆಲೆಯುಂಟು. ಅದನ್ನು ಪ್ರತಿ ಸಲವೂ ತೆರುವವನು ಹುಡುಗನೇ. ಅನುಮಾನ ನಿಜವಾದರೆ ಅವನ ಬದುಕು ಹೋಯಿತು. ಅನುಮಾನ ಸುಳ್ಳಾದರೆ ಕಡಿಮೆ ಬೆಲೆಗೆ ಒಳ್ಳೆಯ ಆಳು ಸಿಕ್ಕಿದನೆಂದು ಕ್ಲಬ್ಬಿನ ಒಡೆಯ ನಗುತ್ತಾನೆ. ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡಿ, ಗೊರಸು ಎತ್ತಿ ನೋಡಿ, ಕುಂಟುತ್ತದೆಂದು ಹೇಳಿ ಬೆಲೆ ಇಳಿಸಿಕೊಂಡು, ಮನೆಗೆ ಹೊಡೆದುಕೊಂಡು ಹೋಗಿ ಎರಡು ಬೆಳೆ ಉಳುವ ಜಾಣರನ್ನು ನಾವು ಕಂಡಿಲ್ಲವೇ?

ಕ್ಲಬ್ಬಿನವರ ವಾದವನ್ನೂ ನ್ಯಾಯವಾಗಿ ಕೇಳಬೇಕು. "ನಾವು ಕೋಟಿ ಸುರಿಯುತ್ತೇವೆ, ಆಳು ಮಂಚ ಹಿಡಿದರೆ ನಮ್ಮ ಗತಿಯೇನು?" ಎನ್ನುತ್ತಾರೆ. ಇದರಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. 2007ರಲ್ಲಿ ಪೋರ್ಟ್‌ಲ್ಯಾಂಡ್ ಕ್ಲಬ್ಬು ಓಹಾಯೋ ಸ್ಟೇಟಿನ ಗ್ರೆಗ್ ಓಡನ್ ಎಂಬುವನನ್ನು ಮೊದಲನೆಯವನಾಗಿ ಆರಿಸಿತು. ಆ ಸೆಪ್ಟೆಂಬರಿನಲ್ಲೇ ಅವನ ಬಲ ಮೊಣಕಾಲಿಗೆ ಶಸ್ತ್ರಚಿಕಿತ್ಸೆಯಾಗಿ ಇಡೀ ವರ್ಷ ಹೋಯಿತು. ಮುಂದೆಯೂ ಮೊಣಕಾಲುಗಳು ಕೈಕೊಟ್ಟವು. ಅವನ ಇಡೀ ಎನ್.ಬಿ.ಎ. ಜೀವನದಲ್ಲಿ ಆಡಿದ್ದು 105 ಪಂದ್ಯ. ಅವನ ಹಿಂದೆ ಎರಡನೆಯವನಾಗಿ ಆಯ್ಕೆಯಾದ ಕೆವಿನ್ ಡ್ಯುರಾಂಟ್ ಈ ಕಾಲದ ಮಹಾ ಆಟಗಾರರಲ್ಲಿ ಒಬ್ಬನಾದ. ಆದ್ದರಿಂದ ಕ್ಲಬ್ಬಿನ ಭಯ ಕಲ್ಪನೆಯದಲ್ಲ.

ಆದರೆ ಓಡನನ ಕಥೆಯಲ್ಲಿ ಒಂದು ಅಂಶವನ್ನು ಗಮನಿಸಬೇಕು. ಅವನ ಮೊಣಕಾಲಿಗೆ ಆ ಶಸ್ತ್ರಚಿಕಿತ್ಸೆಯಾದದ್ದು ಕರಾರಿಗೆ ಸಹಿ ಬಿದ್ದ ಮೇಲೆ. ಆದ್ದರಿಂದ ಆಡದ ವರ್ಷಕ್ಕೂ ಸಂಬಳ ಬಂತು. ಪೋರ್ಟರನ ಬೆನ್ನು, ಬೋಲನ ಪಾದ ಹೋದದ್ದು ಸಹಿಗೆ ಮೊದಲು, ಕಾಲೇಜಿನ ಅಂಗಿ ತೊಟ್ಟಿದ್ದಾಗ. ಪೆಟ್ಟು ಅದೇ, ಆಟ ಅದೇ, ಬೆವರೂ ಅದೇ. ಒಂದು ಕಡೆ ಆಟಗಾರನನ್ನು ದುಡಿಮೆಗಾರನೆಂದು ಒಪ್ಪಿದ್ದಾರೆ. ಇನ್ನೊಂದು ಕಡೆ ಒಪ್ಪಿಲ್ಲ. ವ್ಯತ್ಯಾಸವೆಲ್ಲ ಅಷ್ಟರಲ್ಲೇ ಇದೆ.

ಏಕೆ ಒಪ್ಪಿಲ್ಲ? ಇದಕ್ಕೊಂದು ಇತಿಹಾಸವಿದೆ. 1955ರಲ್ಲಿ ಕೊಲರಾಡೋ ಪ್ರಾಂತದ ಫೋರ್ಟ್ ಲೂಯಿಸ್ ಕಾಲೇಜಿನ ರೇ ಡೆನಿಸನ್ ಎಂಬುವನು ಅಮೆರಿಕನ್ ಫುಟ್‌ಬಾಲ್ ಆಡುವಾಗ ತಲೆಗೆ ಪೆಟ್ಟು ಬಿದ್ದು ಸತ್ತ. ಕೆಲಸದಲ್ಲಿ ಸತ್ತ ಕಾರ್ಮಿಕನಿಗೆ ಸಲ್ಲುವ ಪರಿಹಾರ ತನಗೂ ಸಲ್ಲಬೇಕೆಂದು ಅವನ ವಿಧವೆ ಕೇಳಿದಳು. 1957ರಲ್ಲಿ ಆ ಪ್ರಾಂತದ ಸರ್ವೋಚ್ಚ ನ್ಯಾಯಾಲಯ ಇಲ್ಲವೆಂದಿತು. ಕಾಲೇಜು ಫುಟ್‌ಬಾಲಿನ ವ್ಯಾಪಾರ ನಡೆಸುತ್ತಿಲ್ಲ ಎಂಬುದು ಅದರ ಒಂದು ಕಾರಣ. ಕಾಲೇಜು ಕ್ರೀಡೆಗಳನ್ನು ಆಳುವ ಎನ್.ಸಿ.ಎ.ಎ. ಸಂಸ್ಥೆ ಇಂಥ ಬೇಡಿಕೆಗಳಿಗೆ ಹೆದರಿ ಆ ದಶಕದಲ್ಲೇ 'ವಿದ್ಯಾರ್ಥಿ-ಕ್ರೀಡಾಪಟು' ಎಂಬ ಹೊಸ ಪದವನ್ನು ಹುಟ್ಟಿಸಿ ಚಲಾವಣೆಗೆ ತಂದಿತು. ಇದನ್ನು ಅದರ ವೈರಿಗಳು ಹೇಳಿದ್ದಲ್ಲ. ಆ ಸಂಸ್ಥೆಯ ಮೊದಲ ಕಾರ್ಯನಿರ್ವಾಹಕ ನಿರ್ದೇಶಕ ವಾಲ್ಟರ್ ಬೈಯರ್ಸ್ ತನ್ನ 1995ರ ಪುಸ್ತಕದಲ್ಲಿ ತಾನೇ ಒಪ್ಪಿಕೊಂಡ. ವ್ಯಾಕರಣ ಕಲಿಸಿದ ಮೇಷ್ಟ್ರಾಗಿ ನಾನು ಬಹಳ ಸಮಾಸಗಳನ್ನು ಬಿಡಿಸಿದ್ದೇನೆ. ಒಂದು ವಿಧವೆಯ ಅನ್ನ ತಪ್ಪಿಸಲು ನೆರವಾದ ಸಮಾಸವನ್ನು ಇದೊಂದನ್ನೇ ಕಂಡೆ.

ವ್ಯಾಪಾರವಿಲ್ಲವೆಂದರಲ್ಲ, ಲೆಕ್ಕ ನೋಡಿ. ಕಾಲೇಜು ಬ್ಯಾಸ್ಕೆಟ್‌ಬಾಲಿನ ವಸಂತಕಾಲದ ದೊಡ್ಡ ಪಂದ್ಯಾವಳಿಯನ್ನು ಟೆಲಿವಿಷನ್‌ನಲ್ಲಿ ತೋರಿಸುವ ಹಕ್ಕನ್ನು 2010ರಲ್ಲಿ 14 ವರ್ಷಕ್ಕೆ 1080 ಕೋಟಿ ಡಾಲರಿಗೆ ಮಾರಲಾಯಿತು. 2016ರಲ್ಲಿ ಇನ್ನೂ 8 ವರ್ಷಕ್ಕೆ 880 ಕೋಟಿ ಡಾಲರಿಗೆ ಮುಂದುವರಿಸಲಾಯಿತು. ತರಬೇತುದಾರರಿಗೆ ಲಕ್ಷಗಟ್ಟಲೆ ಸಂಬಳ. ಬೂಟಿನ ಕಂಪನಿಗಳಿಗೆ ಜಾಹೀರಾತು. ಅಂಗಳದಲ್ಲಿ ನೆಗೆಯುವವನಿಗೆ ಮಾತ್ರ "ನೀನು ವಿದ್ಯಾರ್ಥಿ, ಹಣದ ಮಾತಾಡಬಾರದು" ಎಂಬ ನೀತಿಬೋಧೆ.

ಪೆಟ್ಟಿನ ಭಯಕ್ಕೆ ಎನ್.ಸಿ.ಎ.ಎ. ಕೊಟ್ಟ ಮದ್ದು ಎಂಥದು? 1990ರಲ್ಲಿ ಒಂದು ವಿಮೆಯ ಯೋಜನೆ ತಂದಿತು. ಮುಂದೆ ಡ್ರಾಫ್ಟಿನಲ್ಲಿ ಮೇಲಿನ ಸ್ಥಾನ ಸಿಗಬಹುದಾದ ಆಟಗಾರ ಅಂಗವಿಕಲನಾದರೆ ಹಣ ಬರುವ ವಿಮೆ ಅದು. ಅದರ ಕಂತನ್ನು ಆಟಗಾರನೇ ಕಟ್ಟಬೇಕಾಗಿತ್ತು. ಕೈಯಲ್ಲಿ ಹಣವಿಲ್ಲದಿದ್ದರೆ ಮುಂದಿನ ಸಂಪಾದನೆಯ ಮೇಲೆ ಸಾಲ ಎತ್ತಿ ಕಟ್ಟಬಹುದಾಗಿತ್ತು. ಕೂಲಿ ಕೊಡದ ಧಣಿ, ಕೈ ಮುರಿದರೆ ಎಂಬ ವಿಮೆಗೂ ಆಳೇ ಸಾಲ ಮಾಡಲಿ ಎಂದಂತಾಯಿತು.

"ವಿದ್ಯೆ ಕೊಡುತ್ತೇವಲ್ಲ" ಎನ್ನುವವರಿದ್ದಾರೆ. ವಿದ್ಯೆಯ ಬೆಲೆಯನ್ನು ನಾನು ಕಡಿಮೆ ಮಾಡಿ ಮಾತಾಡುವವನಲ್ಲ. ಮೆಟ್ರಿಕ್ಯುಲೇಷನ್ನಿಗೇ ಓದು ನಿಲ್ಲಿಸಬೇಕಾದ ನನಗೆ ಅದರ ಬೆಲೆ ಗೊತ್ತು. ಆದರೆ 1973ರಿಂದ 2011ರ ತನಕ ಈ ವಿದ್ಯಾರ್ಥಿವೇತನವನ್ನು ಒಂದೊಂದು ವರ್ಷಕ್ಕೆ ಮಾತ್ರ ಕೊಡಬೇಕೆಂಬ ಕಟ್ಟಳೆ ಜಾರಿಯಲ್ಲಿತ್ತು. ಕಾಲು ಮುರಿದವನಿಗೆ ಮುಂದಿನ ವರ್ಷದ ವೇತನ ಕೊಡಲೇಬೇಕೆಂಬ ಬಂಧನ ಕಾಲೇಜಿಗಿರಲಿಲ್ಲ. ಆಡುವ ತನಕ ಮಾತ್ರ ಸಿಗುವ ವಿದ್ಯೆಗೆ ದಾನವೆಂಬ ಹೆಸರು ಸಲ್ಲದು, ಅದು ಕೂಲಿಯೇ.

ಇನ್ನು ವೈದ್ಯಪರೀಕ್ಷೆಯ ವಿಷಯ. ಡ್ರಾಫ್ಟಿಗೆ ಮುಂಚೆ ಷಿಕಾಗೋದಲ್ಲಿ ಆಟಗಾರರನ್ನು ಕರೆಸಿ ಎಕ್ಸ್‌ರೇ, ಹೃದಯದ ಪರೀಕ್ಷೆ ಮೊದಲಾದುವನ್ನು ಮಾಡುತ್ತಾರೆ. ಪರೀಕ್ಷೆಯೇ ಬೇಡವೆಂದು ನಾನು ಹೇಳುವುದಿಲ್ಲ. 2014ರಲ್ಲಿ ಬೇಯ್ಲರ್ ವಿಶ್ವವಿದ್ಯಾನಿಲಯದ ಐಸಯಾ ಆಸ್ಟಿನ್ ಎಂಬ ಆಟಗಾರನಿಗೆ ಹೃದಯದ ದೊಡ್ಡ ರಕ್ತನಾಳಕ್ಕೆ ಅಪಾಯ ತರುವ ಮಾರ್ಫನ್ ಎಂಬ ಕಾಯಿಲೆಯಿದೆಯೆಂದು ಗೊತ್ತಾದದ್ದು ಇಂಥ ಪರೀಕ್ಷೆಯಿಂದಲೇ. ಪರೀಕ್ಷೆ ಒಬ್ಬನ ಜೀವ ಉಳಿಸಬಹುದು. ಪ್ರಶ್ನೆಯಿರುವುದು ಅದರ ಫಲ ಯಾರ ಸೊತ್ತೆಂಬುದರಲ್ಲಿ. ಮೊದಲು ಆಟಗಾರ ಮತ್ತು ಅವನ ಏಜೆಂಟ್ ತಮಗೆ ಬೇಡವಾದ ಕ್ಲಬ್ಬಿಗೆ ವೈದ್ಯರ ವರದಿ ಕೊಡದೆ ಇರಬಹುದಾಗಿತ್ತು. ಆಯ್ಕೆಯ ಹಕ್ಕಿಲ್ಲದವನ ಕೈಯಲ್ಲಿ ಉಳಿದಿದ್ದ ಒಂದೇ ಸಣ್ಣ ಆಯುಧ ಅದು. 2023ರ ಒಪ್ಪಂದದ ನಂತರ, ಆಹ್ವಾನ ಬಂದವನು ಪರೀಕ್ಷೆಗೆ ಹಾಜರಾಗಲೇಬೇಕು. ತನ್ನ ಮೈಯ ಗುಟ್ಟು ಈಗ ಪೂರಾ ತನ್ನದಲ್ಲ. ಅಳೆಯುವ ಕೊಳಗವೂ ಒಡೆಯನದೇ, ರಾಶಿಯ ಮುಂದೆ ಕುಳಿತು ಎಣಿಸುವವನೂ ಒಡೆಯನ ಕಡೆಯವನೇ ಆದರೆ, ಅಳತೆ ಸರಿಯಿದೆಯೆಂದು ರೈತ ನಂಬುವುದು ಹೇಗೆ?

ಪರಿಸ್ಥಿತಿ ಬದಲಾಗಿಲ್ಲವೆಂದರೆ ತಪ್ಪಾದೀತು. 2021ರ ಜೂನ್‌ನಲ್ಲಿ ಅಮೆರಿಕಾದ ಸುಪ್ರೀಂ ಕೋರ್ಟು ಒಂಬತ್ತು ನ್ಯಾಯಾಧೀಶರ ಒಮ್ಮತದಿಂದ ಎನ್.ಸಿ.ಎ.ಎ.ಯ ವಿರುದ್ಧ ತೀರ್ಪು ಕೊಟ್ಟಿತು. ಆ ಜುಲೈಯಿಂದ ಆಟಗಾರರು ತಮ್ಮ ಹೆಸರು, ಭಾವಚಿತ್ರಗಳ ಜಾಹೀರಾತಿನಿಂದ ಹಣ ಗಳಿಸಬಹುದಾಯಿತು. 2024ರ ಆಗಸ್ಟಿನಿಂದ, ಆಟದಲ್ಲಿ ಆದ ಪೆಟ್ಟಿಗೆ ಕಾಲೇಜು ಬಿಟ್ಟ ಮೇಲೂ ಎರಡು ವರ್ಷ ಚಿಕಿತ್ಸೆಯ ವಿಮೆ ದೊರೆಯತೊಡಗಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಒಂದು ರಾಜಿಯ ಪ್ರಕಾರ, ಕಾಲೇಜುಗಳೇ ನೇರವಾಗಿ ಆಟಗಾರರಿಗೆ ಹಣ ಕೊಡಬಹುದು. ಒಂದೊಂದು ಕಾಲೇಜಿಗೆ ಮೊದಲ ವರ್ಷ ಸುಮಾರು 2 ಕೋಟಿ 5 ಲಕ್ಷ ಡಾಲರಿನ ಮಿತಿ. ಇವು ದೊಡ್ಡ ಗೆಲುವುಗಳು. ಆದರೆ ಹಣ ಕೊಟ್ಟರೂ ಉದ್ಯೋಗಿಯೆಂಬ ಹೆಸರನ್ನು ಕೊಡಲು ಕಾಲೇಜುಗಳು ಒಪ್ಪುತ್ತಿಲ್ಲ. ಆ ಹೆಸರಿನ ಜೊತೆಯಲ್ಲೇ ಬರುವುದು ಕೆಲಸದಲ್ಲಿ ಆದ ಪೆಟ್ಟಿಗೆ ಪರಿಹಾರದ ಹಕ್ಕು. ನಮ್ಮ ದೇಶದಲ್ಲಿ 1923ರಷ್ಟು ಹಿಂದೆಯೇ, ಬ್ರಿಟಿಷರ ಆಳ್ವಿಕೆಯಲ್ಲೇ, ಕಾಯಿದೆಯಾಗಿ ಬಂದ ತತ್ತ್ವ ಅದು.

ಹಕ್ಕು ತಾನಾಗಿ ಬಂದ ಉದಾಹರಣೆಯಿಲ್ಲ. ಎನ್.ಬಿ.ಎ. ಆಟಗಾರರಿಗೆ ಇಂದು ಇರುವ ಖಾತರಿಗಳೂ ಒಡೆಯರ ಕರುಣೆಯಿಂದ ಬಂದವಲ್ಲ. 1954ರಲ್ಲಿ ಬಾಬ್ ಕೌಸಿ ಎಂಬ ಆಟಗಾರ ಸಂಘ ಕಟ್ಟಿದ. ಒಡೆಯರು ಸುಲಭವಾಗಿ ಕಿವಿಗೊಡಲಿಲ್ಲ. 1964ರ ಜನವರಿಯಲ್ಲಿ ಬಾಸ್ಟನ್ ನಗರದಲ್ಲಿ ಆಯ್ದ ತಾರೆಗಳ ಪಂದ್ಯ. ಟೆಲಿವಿಷನ್ ಕಾಯುತ್ತಿತ್ತು, ಜನ ತುಂಬಿದ್ದರು. ಬಿಲ್ ರಸೆಲ್, ಆಸ್ಕರ್ ರಾಬರ್ಟ್‌ಸನ್, ಜೆರಿ ವೆಸ್ಟ್‌ರಂಥವರು ಕೋಣೆಯೊಳಗೆ ಕುಳಿತು, ಪಿಂಚಣಿಯ ಮಾತು ಕೊಡುವ ತನಕ ಹೊರಗೆ ಕಾಲಿಡೆವು ಎಂದರು. ಮಾತು ಸಿಕ್ಕಿದ ಮೇಲೆ ಆಡಿದರು. ಕಾಲೇಜಿನವರಲ್ಲೂ ಒಂದು ಕಿಡಿ ಹೊತ್ತಿತ್ತು. 2024ರ ಮಾರ್ಚ್‌ನಲ್ಲಿ ಡಾರ್ಟ್‌ಮತ್ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡ 13ಕ್ಕೆ 2 ಮತಗಳಿಂದ ಕಾರ್ಮಿಕ ಸಂಘ ಸೇರಲು ನಿರ್ಧರಿಸಿತು. ಆ ಕಾಲೇಜಿನ ಇತರ ಕೆಲಸಗಾರರಿರುವ ಸಂಘವೇ ಅದು. ಕಾಲೇಜು ಮಾತುಕತೆಗೆ ಒಪ್ಪಲಿಲ್ಲ. ವರ್ಷದ ಕೊನೆಯ ದಿನ ಸಂಘ ತನ್ನ ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಂಡಿತು. ಅಷ್ಟಕ್ಕೆ ಆ ಹದಿಮೂರು ಮತಗಳು ಅಳಿಸಿಹೋಗುವುದಿಲ್ಲ.

ಹಾಗಾದರೆ ಆಗಬೇಕಾದದ್ದೇನು? ಕಾಲೇಜಿನ ಅಂಗಿ ತೊಟ್ಟು ಆಡುವಾಗ ಬಿದ್ದ ಪೆಟ್ಟನ್ನು ಕೆಲಸದಲ್ಲಾದ ಪೆಟ್ಟೆಂದು ಕಾನೂನು ಒಪ್ಪಬೇಕು. ಚಿಕಿತ್ಸೆ ಎರಡು ವರ್ಷಕ್ಕೆ ನಿಲ್ಲದೆ ಆ ಪೆಟ್ಟು ಇರುವ ತನಕ ನಡೆಯಬೇಕು. ಪೆಟ್ಟಿನಿಂದ ಡ್ರಾಫ್ಟಿನಲ್ಲಿ ಕೆಳಗೆ ಜಾರಿದವನ ನಷ್ಟದ ಒಂದು ಪಾಲನ್ನು, ಅವನ ಆಟದಿಂದ ಹಣ ಮಾಡಿದವರು ಕಟ್ಟಿದ ನಿಧಿಯಿಂದ ತುಂಬಿಕೊಡಬೇಕು. ಟೆಲಿವಿಷನ್ ಹಣದ ಒಂದು ಸಣ್ಣ ಅಂಶ ಅದಕ್ಕೆ ಸಾಕು. ಮೈ ಪರೀಕ್ಷಿಸುವ ವೈದ್ಯರಲ್ಲಿ ಆಟಗಾರರ ಸಂಘದವರೂ ಇರಬೇಕು. ಇದರಲ್ಲಿ ಅತಿಯಾದದ್ದು ಯಾವುದೂ ಇಲ್ಲ. ಗಿರಣಿಯ ಆಳಿಗೆ ಕೇಳುವುದನ್ನೇ ಚೆಂಡಿನ ಆಳಿಗೂ ಕೇಳುತ್ತಿದ್ದೇವೆ.

ಕೋಟಿ ಗಳಿಸುವವರ ದುಃಖಕ್ಕೆ ನಾವೇಕೆ ಅಳಬೇಕೆಂದು ಕೆಲವು ಗೆಳೆಯರು ಕೇಳಿಯಾರು. ಕೋಟಿ ಗಳಿಸುವವರು ಬೆರಳೆಣಿಕೆಯವರು. ಅವರ ಹೆಸರು ಪತ್ರಿಕೆಗಳಲ್ಲಿ ಬರುತ್ತದೆ. ಪೆಟ್ಟು ತಿಂದು, 60ರ ಪಟ್ಟಿಯಲ್ಲಿ ಎಲ್ಲಿಯೂ ಸೇರದೆ ಊರಿಗೆ ಮರಳಿದವರ ಹೆಸರು ಎಲ್ಲಿಯೂ ಬರುವುದಿಲ್ಲ. ನ್ಯಾಯದ ತತ್ತ್ವ ಎಂಬೀಡನಿಗೆ ದಕ್ಕಿದರೆ ಅವರಿಗೂ ದಕ್ಕುತ್ತದೆ. ಅಂದು ಶಾಲೆಯ ಜಗಲಿಯ ಮೇಲೆ ನಿಂತಿದ್ದ ತಂದೆಗೆ ನಾನು ಕೊಡಬೇಕಾಗಿದ್ದ ಉತ್ತರವೂ ಇದೇ: ಶೀಲ್ಡು ಯಾರ ಬೀರುವಿನ ಮೇಲೆ ಕುಳಿತಿದೆಯೋ, ಮುರಿದ ಕೈಯ ಖರ್ಚೂ ಅವರದೇ.